ಬಿಕರಿಯಾಗದ ಹಾಡುಗಳ ಸಂತತಿ

‘ಪ್ರಭಾವ’ ಎಂಬ ಮಾತನ್ನು ಸಾಹಿತ್ಯದ ಚರ್ಚೆಯಲ್ಲಿ ನಾವು ಬಹಳ ಉದಾರವಾಗಿ ಬಳಸುತ್ತೇವೆ. ಒಬ್ಬ ಕವಿಯ ನಾಲ್ಕು ಸಾಲುಗಳನ್ನು ಮತ್ತೊಬ್ಬನ ನಾಲ್ಕು ಸಾಲುಗಳ ಪಕ್ಕದಲ್ಲಿಟ್ಟು ಹೋಲಿಕೆ ತೋರಿಸಿಬಿಟ್ಟರೆ ಪ್ರಭಾವದ ವಿಚಾರ ಮುಗಿಯಿತೆಂದೇ ಎಣಿಕೆ. ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆ. ಆ ತಿಳಿವಳಿಕೆ ಸಡಿಲವಾದದ್ದು ಯಾವ ಕಾವ್ಯಮೀಮಾಂಸೆಯಿಂದಲೂ ಅಲ್ಲ, ಅಮೆರಿಕದ ಒಂದು ರಾಕ್ ತಂಡದ ಚರಿತ್ರೆಯಿಂದ ಎಂದರೆ ಕೇಳುಗರಲ್ಲಿ ಕೆಲವರು ಹುಬ್ಬೇರಿಸಬಹುದು. ಹುಬ್ಬೇರಿಸಲು ಅವರಿಗೆ ಹಕ್ಕಿದೆ. ನಾನು ಆ ಸಂಗೀತದ ನಡುವೆ ಬೆಳೆದವನಲ್ಲ. ನಮ್ಮ ಮನೆಯಲ್ಲಿ ಬೆಳಗಿನ ಹೊತ್ತು ಕಿವಿಗೆ ಬೀಳುತ್ತಿದ್ದುದು ತಂಬೂರಿಯ ನಾದ. ಗಿಟಾರಿನ ಅಬ್ಬರವನ್ನು ಪಕ್ಕದ ಬೀದಿಯ ಗಲಾಟೆಯೆಂದೇ ಭಾವಿಸಿದ್ದವನು ನಾನು.

ನನ್ನ ಸೋದರಳಿಯ ಒಂದು ಸಂಜೆ ನನ್ನನ್ನು ಬಲವಂತವಾಗಿ ಕೂರಿಸಿ ಒಂದು ಹಾಡು ಕೇಳಿಸಿದ. ಹಾಡುವವನ ಕಂಠ ಹಾಡುವ ಕಂಠವೇ ಅಲ್ಲ, ಯಾರೋ ಬೇಸರದಿಂದ ಸುದ್ದಿ ಹೇಳಿದಂತಿತ್ತು. ಆದರೆ ಅದರ ಹಿಂದೆ ಯಾವುದೋ ತಂತಿವಾದ್ಯ ಒಂದೇ ಸ್ವರವನ್ನು ಎಡೆಬಿಡದೆ ಹಿಡಿದು ನಿಂತಿತ್ತು. “ಇದು ಶ್ರುತಿ ಹಿಡಿದ ಹಾಗಿದೆಯಲ್ಲೋ” ಎಂದೆ. “ಸುಮ್ಮನಿರಿ ಮಾವ, ಇದು ನ್ಯೂಯಾರ್ಕು” ಎಂದು ನಕ್ಕ. ಆಮೇಲೆ ಓದಿ ನೋಡಿದಾಗ ನನ್ನ ಕಿವಿ ಅಷ್ಟೇನೂ ಮೋಸ ಹೋಗಿರಲಿಲ್ಲ ಎಂದು ತಿಳಿಯಿತು.

ಆ ತಂಡದ ಹೆಸರು ವೆಲ್ವೆಟ್ ಅಂಡರ್‌ಗ್ರೌಂಡ್. 1965ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ಕೂಡಿಕೊಂಡ ನಾಲ್ವರು ಅದರ ಮುಖ್ಯರು. ಹಾಡು ಬರೆಯುತ್ತಿದ್ದವನು ಲೂ ರೀಡ್. ಸಿರಕ್ಯೂಸ್ ವಿಶ್ವವಿದ್ಯಾಲಯದಲ್ಲಿ ಕವಿ ಡೆಲ್ಮೋರ್ ಶ್ವಾರ್ಟ್ಸ್‌ನ ಶಿಷ್ಯನಾಗಿ ಇಂಗ್ಲಿಷ್ ಸಾಹಿತ್ಯ ಓದಿದವನು. ಕಾದಂಬರಿಕಾರನು ಯಾವ ವಿಷಯವನ್ನು ನಿರ್ಭಿಡೆಯಿಂದ ಬರೆಯಬಲ್ಲನೋ ಅದನ್ನು ಹಾಡಿನಲ್ಲಿ ಏಕೆ ಹೇಳಬಾರದು ಎಂಬುದೇ ಅವನ ಹಟ. ಎರಡನೆಯವನು ಜಾನ್ ಕೇಲ್, ವೇಲ್ಸ್‌ನಿಂದ ಶಾಸ್ತ್ರೀಯ ಸಂಗೀತದ ವಿದ್ಯಾರ್ಥಿವೇತನ ಪಡೆದು 1963ರಲ್ಲಿ ಅಮೆರಿಕಕ್ಕೆ ಬಂದವನು. ಸ್ಟರ್ಲಿಂಗ್ ಮಾರಿಸನ್ ಗಿಟಾರಿಗೆ. ಡ್ರಮ್ ಬಾರಿಸುತ್ತಿದ್ದವಳು ಮೋರೀನ್ ಟಕರ್ ಎಂಬ ಹುಡುಗಿ. ಕುಳಿತು ಬಾರಿಸುವ ಪದ್ಧತಿಯನ್ನು ಬಿಟ್ಟು, ದೊಡ್ಡ ಡ್ರಮ್ಮನ್ನು ಮಗ್ಗುಲಿಗೆ ಮಲಗಿಸಿ, ನಿಂತುಕೊಂಡೇ ಬಾರಿಸುತ್ತಿದ್ದಳು.

ಅವಳಿಗಿಂತ ಮೊದಲು ತಾಳ ಹಾಕುತ್ತಿದ್ದವನು ಆಂಗಸ್ ಮೆಕ್‌ಲೀಸ್ ಎಂಬ ಕವಿ. 1965ರ ಡಿಸೆಂಬರಿನಲ್ಲಿ ನ್ಯೂಜೆರ್ಸಿಯ ಒಂದು ಶಾಲೆಯಲ್ಲಿ 75 ಡಾಲರಿಗೆ ನುಡಿಸುವ ಏರ್ಪಾಡಾದಾಗ, ದುಡ್ಡು ತೆಗೆದುಕೊಂಡು, ಹೇಳಿದ ಹೊತ್ತಿಗೆ ಶುರುಮಾಡಿ ಹೇಳಿದ ಹೊತ್ತಿಗೆ ನಿಲ್ಲಿಸಬೇಕೆ ಎಂದು ಬೇಸರಪಟ್ಟು ತಂಡವನ್ನೇ ಬಿಟ್ಟುಹೋದ. ಕೊನೆಗೆ ನೇಪಾಳಕ್ಕೆ ಬಂದು 1979ರಲ್ಲಿ ಕಾಠ್ಮಂಡುವಿನಲ್ಲಿ ತೀರಿಕೊಂಡ. ನಮ್ಮ ಕಡೆಯ ಕೆಲವು ಹಳೆಯ ಗವಾಯಿಗಳು ಅವನನ್ನು ಕಂಡಿದ್ದರೆ ಮೆಚ್ಚುತ್ತಿದ್ದರೇನೊ.

ಇನ್ನು ಆ ಶ್ರುತಿಯ ವಿಚಾರ. ಕೇಲ್ ನ್ಯೂಯಾರ್ಕಿಗೆ ಬಂದವನೇ ಲಾ ಮಾಂಟ್ ಯಂಗ್ ಎಂಬ ಸಂಗೀತಗಾರನ ಗುಂಪನ್ನು ಸೇರಿದ. ಅಲ್ಲಿ ಗಂಟೆಗಟ್ಟಲೆ ಒಂದೆರಡು ಸ್ವರಗಳನ್ನು ಮಾತ್ರ ಹಿಡಿದು ನಿಲ್ಲುವ ಸಾಧನೆ ನಡೆಯುತ್ತಿತ್ತು. ಈ ಯಂಗ್ 1950ರ ದಶಕದಲ್ಲಿ ಉಸ್ತಾದ್ ಅಲಿ ಅಕ್ಬರ್ ಖಾನರ ಸರೋದ್ ಮುದ್ರಿಕೆಯೊಂದನ್ನು ಕೇಳಿ, ಸರೋದಿಗಿಂತ ಹೆಚ್ಚಾಗಿ ಅದರ ಹಿಂದಿನ ತಂಬೂರಿಗೆ ಮರುಳಾದವನು. 1970ರಲ್ಲಿ ಕಿರಾನಾ ಘರಾಣೆಯ ಪಂಡಿತ್ ಪ್ರಾಣನಾಥರನ್ನು ಅಮೆರಿಕಕ್ಕೆ ಬರಮಾಡಿಕೊಂಡು ಅವರ ಶಿಷ್ಯನೇ ಆದ. ಅಬ್ದುಲ್ ಕರೀಂ ಖಾನರಿಂದ ಸವಾಯಿ ಗಂಧರ್ವರ ಮೂಲಕ ನಮ್ಮ ಧಾರವಾಡ ಸೀಮೆಗೆ ಹರಿದು ಬಂದ ಘರಾಣೆ ಇದೇ. ಅದು ಆಮೇಲಿನ ಮಾತು, ಇರಲಿ. ಕೇಲ್ ತನ್ನ ವಯೋಲಾವನ್ನು (ಪಿಟೀಲಿನ ಜಾತಿಯದೇ, ತುಸು ದೊಡ್ಡದು, ದನಿಯಲ್ಲಿ ತಗ್ಗಿನದು) ಈ ಸಾಧನೆಗೆ ತಕ್ಕಂತೆ ತಿದ್ದಿಕೊಂಡ. ಕುದುರೆಯ ಮೇಲಂಚನ್ನು ಉಜ್ಜಿ ಚಪ್ಪಟೆ ಮಾಡಿ, ಕಮಾನು ಒಂದೇ ಎಳೆತಕ್ಕೆ ಮೂರು ತಂತಿಗಳನ್ನು ಮುಟ್ಟುವಂತೆ ಮಾಡಿದ. ನರದ ತಂತಿಯ ಬದಲು ಗಿಟಾರಿನ ತಂತಿ ಕಟ್ಟಿದ. ನನ್ನ ಸೋದರಳಿಯ ಕೇಳಿಸಿದ ಹಾಡಿನಲ್ಲಿ ಮೊರೆಯುತ್ತಿದ್ದುದು ಈ ವಾದ್ಯ. ನಮ್ಮ ತಂಬೂರಿ ಮನಸ್ಸನ್ನು ನಿಲ್ಲಿಸಿದರೆ ಇದು ಮನಸ್ಸನ್ನು ಕದಡುತ್ತದೆ, ಅದು ಬೇರೆ ಮಾತು.

ಚಿತ್ರಕಾರ ಆಂಡಿ ವಾರ್ಹಾಲ್ ಈ ತಂಡಕ್ಕೆ ಕೆಲಕಾಲ ಆಶ್ರಯ ಕೊಟ್ಟ. ನೀಕೊ ಎಂಬ ಜರ್ಮನ್ ಗಾಯಕಿಯನ್ನು ಜೊತೆಗೆ ಸೇರಿಸಿದ. ಹೊದಿಕೆಯ ಮೇಲೆ ಅವನೇ ಬರೆದ ಬಾಳೆಹಣ್ಣಿನ ಚಿತ್ರವಿದ್ದ ಮೊದಲ ಗಾನತಟ್ಟೆ 1967ರ ಮಾರ್ಚಿಯಲ್ಲಿ ಹೊರಬಂತು. ಅದು ಬೀಟಲ್ಸರು ಲೋಕವನ್ನು ಮರುಳುಮಾಡಿದ್ದ ವರ್ಷ. ಎಲ್ಲೆಲ್ಲೂ ಹೂವು, ಪ್ರೀತಿ, ಶಾಂತಿ. ಆ ನಡುವೆ ಈ ತಂಡ ಮಾದಕವಸ್ತುವಿಗಾಗಿ ಬೀದಿಯ ಮೂಲೆಯಲ್ಲಿ ಕಾಯುವವನ ವಿಚಾರ ಹಾಡಿತು. ‘ಹೆರಾಯಿನ್’ ಎಂಬ ಹಾಡಂತೂ ಆ ವಸ್ತುವನ್ನು ಹೊಗಳುವುದೂ ಇಲ್ಲ, ತೆಗಳುವುದೂ ಇಲ್ಲ. ಎರಡೇ ಸ್ವರಮೇಳಗಳ ಮೇಲೆ ವಿಲಂಬದಲ್ಲಿ ತೊಡಗಿ, ರಕ್ತದ ಬಡಿತ ಏರಿದಂತೆ ದ್ರುತಕ್ಕೆ ಏರಿ, ವಯೋಲಾ ಚೀರಿ, ಮತ್ತೆ ಇಳಿಯುತ್ತದೆ. ಉಪದೇಶವನ್ನು ಬಯಸುವವರಿಗೆ ಅದರಲ್ಲಿ ಏನೂ ಸಿಗದು. ಆಕಾಶವಾಣಿಯ ಸಭ್ಯತೆಗೆ ಒಗ್ಗದ ಹಾಡುಗಳು ಅವು, ಅಮೆರಿಕದ ಬಾನುಲಿಗಳಿಗೂ ಒಗ್ಗಲಿಲ್ಲ. ಮಾರಾಟದ ಪಟ್ಟಿಯಲ್ಲಿ ಆ ತಟ್ಟೆ 171ನೆಯ ಸ್ಥಾನಕ್ಕಿಂತ ಮೇಲೆ ಏರಲಿಲ್ಲ. ಮರುವರ್ಷದ ಎರಡನೆಯ ತಟ್ಟೆಯಲ್ಲಿ ‘ಸಿಸ್ಟರ್ ರೇ’ ಎಂಬ ಹದಿನೇಳು ನಿಮಿಷ ಮೀರಿದ ಹಾಡಿದೆ. ಅದನ್ನು ಮುದ್ರಿಸಿಕೊಳ್ಳುವಾಗ ಇಂಜಿನಿಯರು ಯಂತ್ರವನ್ನು ಚಾಲೂ ಮಾಡಿ, ಮುಗಿದ ಮೇಲೆ ಕರೆಯಿರೆಂದು ಎದ್ದುಹೋದನಂತೆ. 1968ರಲ್ಲಿ ಕೇಲ್ ಹೊರಬಿದ್ದ, 1970ರಲ್ಲಿ ರೀಡ್ ಬಿಟ್ಟ. ಕಥೆ ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಆ ಮೊದಲ ತಟ್ಟೆ ಮೊದಲ ಐದು ವರ್ಷಗಳಲ್ಲಿ ಮೂವತ್ತು ಸಾವಿರ ಪ್ರತಿ ಮಾತ್ರ ಮಾರಿತ್ತಾದರೂ, ಕೊಂಡವರಲ್ಲಿ ಪ್ರತಿಯೊಬ್ಬನೂ ಒಂದೊಂದು ತಂಡ ಕಟ್ಟಿರಬೇಕು ಎಂಬರ್ಥದ ಮಾತನ್ನು ಇಂಗ್ಲೆಂಡಿನ ಸಂಗೀತಗಾರ ಬ್ರಿಯಾನ್ ಈನೊ 1982ರಲ್ಲಿ ಆಡಿದ. ಲೆಕ್ಕ ಸರಿಯಿಲ್ಲ. 1969ರ ಆರಂಭಕ್ಕೇ 58 ಸಾವಿರಕ್ಕೂ ಮಿಕ್ಕು ಮಾರಿತ್ತೆಂದು ಆಮೇಲೆ ಸಿಕ್ಕ ಕಂಪನಿಯ ಕಾಗದ ಹೇಳುತ್ತದೆ. ಆದರೆ ಮಾತಿನ ಹುರುಳು ಸರಿಯಾಗಿಯೇ ಇದೆ.

ಪ್ರಭಾವಕ್ಕೆ ಒಳಗಾದವರ ಯಾದಿ ಉದ್ದವಾದದ್ದು. ಡೇವಿಡ್ ಬೋವಿಗೆ ಅವನ ವ್ಯವಸ್ಥಾಪಕ 1966ರ ಕೊನೆಯಲ್ಲಿ, ತಟ್ಟೆ ಹೊರಬರುವ ಮೊದಲೇ, ನ್ಯೂಯಾರ್ಕಿನಿಂದ ಒಂದು ಮಾದರಿ ಪ್ರತಿ ತಂದುಕೊಟ್ಟಿದ್ದ. ಬೋವಿ ಕೂಡಲೇ ಅದರಲ್ಲಿನ ಹಾಡೊಂದನ್ನು ತನ್ನ ವೇದಿಕೆಯಲ್ಲಿ ಹಾಡತೊಡಗಿದ. 1972ರಲ್ಲಿ ಗುರುದಕ್ಷಿಣೆಯೆಂಬಂತೆ ಲೂ ರೀಡನ ‘ಟ್ರಾನ್ಸ್‌ಫಾರ್ಮರ್’ ತಟ್ಟೆಯ ನಿರ್ಮಾಣಕ್ಕೆ ನಿಂತ. ಕೇಲ್ ಸ್ವತಃ ಸ್ಟೂಜಸ್ ತಂಡದ ಮೊದಲ ತಟ್ಟೆಯನ್ನೂ (1969), ಕವಯಿತ್ರಿ ಪ್ಯಾಟಿ ಸ್ಮಿತ್‌ಳ ‘ಹಾರ್ಸಸ್’ ಅನ್ನೂ (1975) ನಿರ್ಮಿಸಿದ. ಮುಂದೆ ಜಾಯ್ ಡಿವಿಜನ್, ಆರ್.ಇ.ಎಂ. ಮೊದಲಾದವರು ಅವರ ಹಾಡುಗಳನ್ನು ಹಾಗೆಯೇ ಎತ್ತಿ ಹಾಡಿದರು. ಹೆಸರುಗಳನ್ನು ಹೀಗೆ ಪೋಣಿಸುತ್ತ ಹೋಗಬಹುದು; ನನಗೆ ಅದರಲ್ಲಿ ಆಸಕ್ತಿ ಕಡಿಮೆ.

ನನ್ನನ್ನು ತಡೆದು ನಿಲ್ಲಿಸಿದವನು ಬಾಸ್ಟನ್ನಿನ ಹುಡುಗ ಜೋನಾಥನ್ ರಿಚ್‌ಮನ್. ಈ ತಂಡ ಬಾಸ್ಟನ್ನಿಗೆ ಬಂದಾಗಲೆಲ್ಲ ಬಿಡದೆ ಹೋಗಿ, ಮುಂದೆ ನಿಂತು, ಬೆರಳುಗಳನ್ನು ನೋಡಿ ನೋಡಿ ಕಲಿತ ಏಕಲವ್ಯ. ಆಮೇಲೆ ತಾನೇ ‘ಮಾಡರ್ನ್ ಲವರ್ಸ್’ ಎಂಬ ತಂಡ ಕಟ್ಟಿದ. ಅವನ ‘ರೋಡ್‌ರನ್ನರ್’ ಹಾಡಿನ ಎಲುಬು ಆ ‘ಸಿಸ್ಟರ್ ರೇ’ಯದೇ: ಅದೇ ಬಡಿತ, ಬಿಡದೆ ಮರಳಿಸುವ ಕೆಲವೇ ಸ್ವರಮೇಳ. ಆದರೆ ಒಳಗಿನ ವಸ್ತುವೇ ಬೇರೆ. ಗುರುವಿನ ಹಾಡಿನಲ್ಲಿ ಕೊಲೆ, ಕಾಮ, ಮಾದಕವಸ್ತು. ಶಿಷ್ಯನ ಹಾಡಿನಲ್ಲಿ ರಾತ್ರಿ ಕಾರಿನ ರೇಡಿಯೊ ಹಾಕಿಕೊಂಡು ತನ್ನೂರ ಹೆದ್ದಾರಿಯಲ್ಲಿ, ಸೂಪರ್ ಮಾರ್ಕೆಟ್ಟಿನ ಮುಂದೆ ಹಾದುಹೋಗುವ ಹುಡುಗನ ಸಂತೋಷ. ಅಷ್ಟೇ! ಕದ್ದದ್ದು ಎಲುಬನ್ನು, ರಕ್ತ ಮಾಂಸ ಸ್ವಂತದ್ದು. ತನ್ನ ಕಣ್ಣೆದುರಿಗಿರುವುದನ್ನು, ಅದು ಎಷ್ಟೇ ಕ್ಷುಲ್ಲಕವೆನಿಸಲಿ, ನಾಚದೆ ಹಾಡಬಹುದು ಎಂಬ ಅನುಜ್ಞೆಯನ್ನು ಅವನು ರೀಡನಿಂದ ಪಡೆದ. ರಾಗ ತಾಳಗಳಿಗಿಂತ ಹೆಚ್ಚಾಗಿ ಒಬ್ಬರಿಂದ ಒಬ್ಬರಿಗೆ ದಾಟುವುದು ಈ ಅನುಜ್ಞೆ ಎಂದು ನನಗೆ ತೋರಿದ್ದು ಇಲ್ಲಿ. ಆದರೆ ಬಾಸ್ಟನ್ನಿನಲ್ಲಿ ಅದಕ್ಕೆ ತೆರಬೇಕಾದ ಬೆಲೆ ಏನೂ ಇರಲಿಲ್ಲ. ಅದೇ ಹಾಡುಗಳು ಬೆಲೆ ಕೇಳಿದ ಇನ್ನೊಂದು ಊರಿದೆ. ಅದು ಆಗಿನ ಚೆಕೊಸ್ಲೊವಾಕಿಯದ ರಾಜಧಾನಿ ಪ್ರಾಗ್.

1968ರ ವಸಂತದಲ್ಲಿ ಆ ದೇಶದಲ್ಲಿ ಕಟ್ಟುಪಾಡುಗಳು ಸಡಿಲವಾಗಿದ್ದವು. ನಾಟಕಕಾರ ವಾತ್ಸ್ಲಾವ್ ಹಾವೆಲ್ ತನ್ನ ನಾಟಕದ ಪ್ರಯೋಗಕ್ಕಾಗಿ ಆಗ ನ್ಯೂಯಾರ್ಕಿಗೆ ಹೋಗಿದ್ದ. ಬರುವಾಗ ಪೆಟ್ಟಿಗೆಯಲ್ಲಿ ತಂದ ಗಾನತಟ್ಟೆಗಳಲ್ಲಿ ವೆಲ್ವೆಟ್ ಅಂಡರ್‌ಗ್ರೌಂಡಿನದೂ ಒಂದು. ಅದೇ ವರ್ಷ ಆಗಸ್ಟ್ 21ರಂದು ರಷ್ಯದ ನೇತೃತ್ವದ ಟ್ಯಾಂಕುಗಳು ಪ್ರಾಗಿನ ಬೀದಿಗೆ ಇಳಿದವು. ಅದಾಗಿ ತಿಂಗಳು ಕಳೆಯುವಷ್ಟರಲ್ಲಿ ಹದಿನೇಳು ವರ್ಷದ ಮಿಲಾನ್ ಹ್ಲಾವ್ಸಾ ಗೆಳೆಯರನ್ನು ಕೂಡಿಕೊಂಡು ಒಂದು ರಾಕ್ ತಂಡ ಕಟ್ಟಿದ. ಫ್ರ್ಯಾಂಕ್ ಜಪ್ಪಾನ ಹಾಡೊಂದರಿಂದ ಹೆಸರು ತೆಗೆದುಕೊಂಡು ‘ಪ್ಲಾಸ್ಟಿಕ್ ಪೀಪಲ್ ಆಫ್ ದಿ ಯೂನಿವರ್ಸ್’ ಎಂದು ಕರೆದುಕೊಂಡರು. ಹಾಡಿದ್ದು ಬಹುಪಾಲು ವೆಲ್ವೆಟ್ ಅಂಡರ್‌ಗ್ರೌಂಡಿನ ಹಾಡುಗಳನ್ನು, ಇಂಗ್ಲಿಷಿನಲ್ಲಿ. ತಂಡಕ್ಕೆ ಬಂದ ಯಿರ್ಜಿ ಕಾಬೆಶ್ ವಯೋಲಾ ಹಿಡಿದ. ಇಂಗ್ಲಿಷ್ ಪಾಠ ಹೇಳಲು ಪ್ರಾಗಿಗೆ ಬಂದಿದ್ದ ಕೆನಡಾದ ಪಾಲ್ ವಿಲ್ಸನ್ ಕೆಲಕಾಲ ಅವರ ಗಾಯಕನಾಗಿ ಉಚ್ಚಾರಣೆ ತಿದ್ದಿದ.

ಹೊಸ ಆಡಳಿತ ಇದಕ್ಕೆ ‘ಸಾಮಾನ್ಯಸ್ಥಿತಿಯ ಸ್ಥಾಪನೆ’ ಎಂದು ಹೆಸರಿಟ್ಟಿತು. ಸಂಗೀತಗಾರನಾದವನು ಸರ್ಕಾರದ ಮಂಡಳಿಯ ಮುಂದೆ ನುಡಿಸಿ ಪರವಾನಗಿ ಪಡೆಯಬೇಕು. ಕೂದಲು ಕತ್ತರಿಸಬೇಕು, ಇಂಗ್ಲಿಷ್ ಹೆಸರು ಬಿಡಬೇಕು, ಹಾಡು ಹಿತವಾಗಿರಬೇಕು. ಅನೇಕರು ಒಪ್ಪಿಕೊಂಡರು. ಅವರನ್ನು ಹಳಿಯಲು ನನಗೆ ಬಾಯಿ ಬಾರದು, ಹೊಟ್ಟೆಪಾಡಿನ ಮಾತು. ಪ್ಲಾಸ್ಟಿಕ್ ಪೀಪಲ್ ತಂಡ ಒಪ್ಪಲಿಲ್ಲ. 1970ರಲ್ಲಿ ಪರವಾನಗಿ ಹೋಯಿತು, ಅದರೊಂದಿಗೆ ಸರ್ಕಾರಿ ವಾದ್ಯಗಳೂ ಹೋದವು. ಯೋಸೆಫ್ ಯಾನೀಚೆಕ್ ಎಂಬ ಸದಸ್ಯ ಮೋಟಾರು ಮೆಕ್ಯಾನಿಕ್ ಕೆಲಸ ಬಲ್ಲವನು. ಹಳೆಯ ಟ್ರಾನ್ಸಿಸ್ಟರುಗಳನ್ನು ಬಿಚ್ಚಿ ಧ್ವನಿವರ್ಧಕ ಕಟ್ಟಿಕೊಟ್ಟ.

ಇವರ ಬೆನ್ನಿಗೆ ನಿಂತವನು ಇವಾನ್ ಯಿರೌಸ್ ಎಂಬ ಕಲಾ ಇತಿಹಾಸಕಾರ. ಅವನು ಹೂಡಿದ ಉಪಾಯ ನನಗೆ ಬಹಳ ಹಿಡಿಸಿತು. ಕಲಾವಿದರ ಸಂಘದ ಸದಸ್ಯನಾಗಿ ಅವನಿಗೆ ಉಪನ್ಯಾಸ ಮಾಡುವ ಅಧಿಕಾರವಿತ್ತು. ಆಂಡಿ ವಾರ್ಹಾಲನ ಕಲೆಯ ಬಗ್ಗೆ ಉಪನ್ಯಾಸವೆಂದು ಗೊತ್ತುಮಾಡಿ, ಕೆಲವು ನಿಮಿಷ ಚಿತ್ರಗಳನ್ನು ತೋರಿಸಿ, “ಇನ್ನು ಕೆಲವು ಸಂಗೀತದ ನಿದರ್ಶನಗಳು” ಎಂಬ ನೆಪದಲ್ಲಿ ತಂಡವನ್ನು ಮುಂದೆ ಬಿಡುತ್ತಿದ್ದ. ನಿದರ್ಶನಗಳು ಎರಡು ಗಂಟೆ ನಡೆಯುತ್ತಿದ್ದವು! ಅದೂ ನಿಂತ ಮೇಲೆ ಹಳ್ಳಿಗಳಲ್ಲಿ ಗೆಳೆಯರ ಮದುವೆಗಳೇ ಕಛೇರಿಗಳಾದವು. ಮದುವೆಯಲ್ಲಿ ಹಾಡಲು ಪರವಾನಗಿ ಬೇಕಿರಲಿಲ್ಲ.

1972ರಲ್ಲಿ ವ್ರಾತಿಸ್ಲಾವ್ ಬ್ರಾಬೆನೆಟ್ಸ್ ಎಂಬ ಸ್ಯಾಕ್ಸೊಫೋನ್ ವಾದಕನನ್ನು ತಂಡ ಕರೆಯಿತು. ವಯಸ್ಸಿನಲ್ಲಿ ಹಿರಿಯ, ಓದಿಕೊಂಡವನು. ಬರುತ್ತೇನೆ, ಆದರೆ ಇನ್ನೊಬ್ಬರ ಹಾಡು ಬೇಡ, ನಮ್ಮದೇ ಹಾಡು, ನಮ್ಮದೇ ಚೆಕ್ ಭಾಷೆಯಲ್ಲಿ ಆಗಬೇಕು ಎಂದು ಷರತ್ತು ಹಾಕಿದ. ಈ ಚರಿತ್ರೆಯ ತಿರುವು ಇಲ್ಲಿದೆಯೆಂದು ನನ್ನ ಅಭಿಪ್ರಾಯ. ಅಂದಿನವರೆಗೆ ಅವರು ವೆಲ್ವೆಟ್ ಅಂಡರ್‌ಗ್ರೌಂಡಿನ ಹಾಡುಗಳನ್ನು ಹಾಡುವವರು. ಆ ಹಾಡುಗಳನ್ನು ಬಿಟ್ಟ ದಿನದಿಂದ ನಿಜವಾದ ವಾರಸುದಾರರಾದರು. ಮುದ್ರಣಕ್ಕೆ ಬಹಿಷ್ಕಾರವಿದ್ದ ಕವಿ ಎಗೊನ್ ಬಾಂಡಿಯ ಪದ್ಯಗಳನ್ನು ಆರಿಸಿಕೊಂಡರು. ಮಲಬದ್ಧತೆಯ ಬಗೆಗೆ, ಬಿಯರಿನ ಬಗೆಗೆ, ದಿನದಿನದ ಜಡತೆಯ ಬಗೆಗೆ ಬರೆದ ಒರಟು ಪದ್ಯಗಳು. (ಈ ಕವಿಯೇ ಗುಪ್ತ ಪೊಲೀಸರಿಗೆ ವರದಿ ಕೊಡುತ್ತಿದ್ದನೆಂದು 1989ರ ನಂತರ ಬಯಲಾಯಿತು. ಕವಿತೆ ಒಳ್ಳೆಯದೇ. ಏನು ಹೇಳೋಣ?) ವಯೋಲಾದ ಮೊರೆತ, ಎರಡು ಸ್ವರಮೇಳಗಳ ಹಟ, ಸುದ್ದಿ ಹೇಳಿದಂಥ ಕಂಠ ಎಲ್ಲ ನ್ಯೂಯಾರ್ಕಿನವು, ಬೇಸರ ಮಾತ್ರ ಪ್ರಾಗಿನದು. ಈ ಹಾಡುಗಳು 1973-74ರಲ್ಲಿ ಗುಟ್ಟಾಗಿ ಮುದ್ರಿತವಾಗಿ, 1978ರಲ್ಲಿ ಪಶ್ಚಿಮ ಯುರೋಪಿನಲ್ಲಿ ತಟ್ಟೆಯಾಗಿ ಹೊರಬಂದವು. ಸ್ವದೇಶದಲ್ಲಿ ಟೇಪಿನಿಂದ ಟೇಪಿಗೆ ಕೈಬದಲಾದವು.

ಗಮನಿಸಬೇಕು: ಈ ಹಾಡುಗಳಲ್ಲಿ ಸರ್ಕಾರದ ಹೆಸರಿಲ್ಲ, ಘೋಷಣೆಯಿಲ್ಲ. ತಮಗೆ ರಾಜಕೀಯ ಬೇಡ, ಹಾಡಲು ಬಿಟ್ಟರೆ ಸಾಕು ಎಂಬುದು ಅವರ ನಿಲುವು. ಸರ್ಕಾರ ಬಿಡಲಿಲ್ಲ. 1974ರ ಮಾರ್ಚಿಯಲ್ಲಿ ಚೆಸ್ಕೆ ಬುಡೆಯೋವಿಟ್ಸೆಯ ಬಳಿ ಕಛೇರಿಗೆ ಬಂದಿದ್ದ ನೂರಾರು ತರುಣರನ್ನು ಪೊಲೀಸರು ಲಾಠಿಯಿಂದ ಬಡಿದು ರೈಲಿಗೆ ತುಂಬಿ ಹಿಂದಕ್ಕೆ ಕಳಿಸಿದರು. ಮರುವರ್ಷ ಯಿರೌಸ್ ಒಂದು ಪ್ರಬಂಧ ಬರೆದು, ಸರ್ಕಾರದ ಮನ್ನಣೆಯನ್ನೇ ಬಯಸದ ‘ಎರಡನೆಯ ಸಂಸ್ಕೃತಿ’ಯೊಂದು ತಮಗೆ ಬೇಕೆಂದು ವಾದಿಸಿದ. 1976ರ ಆರಂಭದಲ್ಲಿ ಅವನೂ ಹಾವೆಲನೂ ಭೇಟಿಯಾದರು. ಯಿರೌಸ್ ಹಳೆಯದೊಂದು ಟೇಪ್ ರೆಕಾರ್ಡರಿನಲ್ಲಿ ಹಾಡುಗಳನ್ನು ಕೇಳಿಸಿದ. ಹಾವೆಲ್ ಅಷ್ಟರಲ್ಲಿ ನಲವತ್ತರ ಹೊಸ್ತಿಲಲ್ಲಿದ್ದ ಹೆಸರಾಂತ ಲೇಖಕ, ಈ ಉದ್ದ ಕೂದಲಿನವರ ಲೋಕ ಅವನದಲ್ಲ. ಆದರೂ ಆ ಒರಟು ಸದ್ದಿನಲ್ಲಿ ಕಳವಳಗೊಳಿಸುವಂಥ ಒಂದು ಮಾಯೆಯನ್ನೂ ಸತ್ಯವನ್ನೂ ಕಂಡೆನೆಂದು ಅವನು ಮುಂದೆ ನೆನಪಿಸಿಕೊಂಡಿದ್ದಾನೆ.

ಅದೇ ಮಾರ್ಚಿಯಲ್ಲಿ ತಂಡದವರನ್ನೂ ಅವರ ಗೆಳೆಯರನ್ನೂ ಹಿಡಿದು ಜೈಲಿಗೆ ಹಾಕಿದರು. ಸೆಪ್ಟೆಂಬರಿನಲ್ಲಿ ಪ್ರಾಗಿನ ನ್ಯಾಯಾಲಯದಲ್ಲಿ ನಾಲ್ವರ ವಿಚಾರಣೆ ನಡೆಯಿತು. ಆರೋಪ, ಸಂಘಟಿತವಾಗಿ ಸಾರ್ವಜನಿಕ ಶಾಂತಿಯನ್ನು ಕದಡಿದ್ದು. ಯಿರೌಸನಿಗೆ ಹದಿನೆಂಟು ತಿಂಗಳು, ಕವಿ ಪಾವೆಲ್ ಜಾಯೀಚೆಕ್‌ನಿಗೆ ಹನ್ನೆರಡು, ಬ್ರಾಬೆನೆಟ್ಸ್‌ಗೂ ಪಾದ್ರಿ ಕರಾಸೆಕ್‌ಗೂ ಎಂಟೆಂಟು ತಿಂಗಳು. ಹಾವೆಲ್ ನ್ಯಾಯಾಲಯದಲ್ಲಿ ಇದ್ದು ಎಲ್ಲವನ್ನೂ ನೋಡಿದ. ‘ವಿಚಾರಣೆ’ ಎಂಬ ಪ್ರಬಂಧ ಬರೆದ. ಇದು ಅಧಿಕಾರಕ್ಕೆ ಪೈಪೋಟಿ ಮಾಡಿದವರ ಮೇಲಣ ದಾಳಿಯಲ್ಲ, ತಮ್ಮ ಪಾಡಿಗೆ ತಮಗೆ ನಿಜವೆನಿಸಿದ್ದನ್ನು ಹಾಡಿಕೊಂಡಿರಬಯಸಿದವರ ಮೇಲಣ ದಾಳಿ. ಆದ್ದರಿಂದ ಯಾರೂ ಇನ್ನು ಸುರಕ್ಷಿತರಲ್ಲ ಎಂಬುದು ಅವನಿಗೆ ಹೊಳೆದ ಮಾತು. ಅದುವರೆಗೆ ಪರಸ್ಪರ ಮುಖ ನೋಡದಿದ್ದವರು, ಎಂದರೆ ಪಕ್ಷದಿಂದ ಉಚ್ಚಾಟಿತರಾದ ಕಮ್ಯುನಿಸ್ಟರು, ಕ್ರೈಸ್ತ ಭಕ್ತರು, ಪ್ರಾಧ್ಯಾಪಕರು, ಈ ಹುಡುಗರಿಗಾಗಿ ಒಟ್ಟಾದರು. ಅದರ ಫಲವೇ 1977ರ ಜನವರಿ 1ರ ದಿನಾಂಕ ಹೊತ್ತ ‘ಸನ್ನದು 77’. ಮೊದಲಿಗೆ ಸಹಿ ಹಾಕಿದವರು 240ರಷ್ಟು ಮಂದಿ. ಅದರ ವಕ್ತಾರರಲ್ಲಿ ಒಬ್ಬ ಯಾನ್ ಪಾತೊಚ್ಕಾ, ಅರವತ್ತೊಂಬತ್ತರ ತತ್ತ್ವಜ್ಞಾನಿ, ಗ್ರೀಕ್ ದರ್ಶನದಲ್ಲಿ ಮುಳುಗಿದ್ದ ವೃದ್ಧ. ಗಂಟೆಗಟ್ಟಲೆ ಪೊಲೀಸ್ ವಿಚಾರಣೆಗೆ ಒಳಗಾಗಿ ಆಸ್ಪತ್ರೆ ಸೇರಿ, ಮಾರ್ಚ್ 13ರಂದು ತೀರಿಕೊಂಡ. ಪ್ಲೇಟೋವನ್ನು ಓದಿ ಮುದುಕನಾದವನೊಬ್ಬ, ತನಗೆ ರುಚಿಸದೆಯೂ ಇದ್ದಿರಬಹುದಾದ ಹಾಡುಗಳ ಸಲುವಾಗಿ ಹೀಗೆ ಪ್ರಾಣ ತೆತ್ತದ್ದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಪಕ್ಕದ ಬೀದಿಯ ಗಲಾಟೆಯೆಂದು ಕಿಟಕಿ ಮುಚ್ಚಿದ ಹಾಡುಗಳೆಷ್ಟೋ!

ಆಮೇಲಿನ ವರ್ಷಗಳನ್ನು ಬೇಗ ಹೇಳಿ ಮುಗಿಸಬಹುದು. ಹಾವೆಲನ ಹಳ್ಳಿಮನೆಯಲ್ಲಿ ಕಛೇರಿಗಳು, ಮುದ್ರಣಗಳು ನಡೆದವು. ವಿಲ್ಸನ್‌ನನ್ನು ದೇಶದಿಂದ ಹೊರಹಾಕಿದರು. ಬ್ರಾಬೆನೆಟ್ಸ್ ಕಿರುಕುಳ ತಾಳಲಾರದೆ 1982ರಲ್ಲಿ ದೇಶ ಬಿಟ್ಟ. ಯಿರೌಸ್ ಮತ್ತೆ ಮತ್ತೆ ಸೆರೆಗೆ ಹೋಗಿ ಒಟ್ಟು ಎಂಟೂವರೆ ವರ್ಷ ಅಲ್ಲಿ ಕಳೆದ. 1989ರ ನವೆಂಬರಿನಲ್ಲಿ ಜನ ಬೀದಿಗಿಳಿದರು, ಡಿಸೆಂಬರ್ 29ರಂದು ಹಾವೆಲ್ ಅಧ್ಯಕ್ಷನಾದ. ರಕ್ತಪಾತವಿಲ್ಲದೆ ನಡೆದ ಆ ಬದಲಾವಣೆಗೆ ‘ವೆಲ್ವೆಟ್ ಕ್ರಾಂತಿ’ ಎಂದು ಹೆಸರು ಬಂತು. ತಂಡದ ಹೆಸರಿಗೂ ಕ್ರಾಂತಿಯ ಹೆಸರಿಗೂ ಗಂಟು ಹಾಕಿ, ಹಾಡಿನಿಂದ ಸರ್ಕಾರ ಉರುಳಿತೆಂದು ಬರೆಯುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಮಾಸ್ಕೋದಲ್ಲಿ ಗಾಳಿ ಬೇರೆ ದಿಕ್ಕಿಗೆ ಬೀಸದಿದ್ದರೆ ಆ ನವೆಂಬರ್ ಬರುತ್ತಿರಲಿಲ್ಲ. ಹಾಡು ಮಾಡಿದ್ದು ಇಷ್ಟೇ: ಕೆಲವರು ಸುಳ್ಳು ಹಾಡಲು ಒಲ್ಲೆನೆಂದರು, ಅವರನ್ನು ನೋಡಿ ಇನ್ನು ಕೆಲವರಿಗೆ ನಾಚಿಕೆಯಾಯಿತು.

1990ರ ಏಪ್ರಿಲಿನಲ್ಲಿ ಲೂ ರೀಡ್ ಪತ್ರಿಕೆಯೊಂದರ ಪರವಾಗಿ ಹೊಸ ಅಧ್ಯಕ್ಷನನ್ನು ಸಂದರ್ಶಿಸಲು ಪ್ರಾಗಿಗೆ ಬಂದ. ಮೂಗಿನ ಮೇಲೆ ಸಿಟ್ಟಿನವನೆಂದು ಪತ್ರಕರ್ತರಲ್ಲಿ ಕುಖ್ಯಾತನಾಗಿದ್ದವನು ತಾನೇ ಪ್ರಶ್ನೆ ಕೇಳುವವನಾಗಿ ಕೈಕಟ್ಟಿ ಕುಳಿತ. ಹಾವೆಲ್ ಅವನ ಕೈಗೆ ಒಂದು ಸಣ್ಣ ಕಪ್ಪು ಪುಸ್ತಕವನ್ನಿತ್ತ. ರೀಡನ ಹಾಡುಗಳ ಚೆಕ್ ಅನುವಾದ. ಇನ್ನೂರೇ ಪ್ರತಿ ಗುಟ್ಟಾಗಿ ತಯಾರಾದದ್ದು. ಕೈಯಲ್ಲಿದ್ದರೆ ಜೈಲಾಗಬಹುದಿದ್ದ ಪುಸ್ತಕ. ಅಂದು ರಾತ್ರಿ ಒಂದು ಸಣ್ಣ ಕ್ಲಬ್ಬಿನಲ್ಲಿ ಹ್ಲಾವ್ಸಾನ ಹೊಸ ತಂಡ ನುಡಿಸುತ್ತಿತ್ತು. ಅದರ ಹೆಸರು ‘ಪೂಲ್ನೊಟ್ಸ್’, ಎಂದರೆ ನಡುರಾತ್ರಿ. ರೀಡ್ ಬಾಗಿಲಲ್ಲಿ ನಿಂತು ತನ್ನದೇ ಹಾಡುಗಳನ್ನು ಕೇಳಿದ. ಆಮೇಲೆ ಗಿಟಾರ್ ಹಿಡಿದು ಅವರೊಡನೆ ಸೇರಿಕೊಂಡ. ಕೇಲ್, ಮಾರಿಸನ್, ಟಕರ್ ಮೂವರೂ ತನ್ನ ಬೆನ್ನ ಹಿಂದೆಯೇ ನಿಂತಿದ್ದಾರೇನೋ ಎನ್ನಿಸಿತೆಂದು ಅವನು ಬರೆದಿದ್ದಾನೆ. ಬೆನ್ನ ಹಿಂದೆ ನಿಂತಿದ್ದವರು ಹ್ಲಾವ್ಸಾ, ಯಾನೀಚೆಕ್, ವಯೋಲಾ ಹಿಡಿದ ಕಾಬೆಶ್.

ಎಂಟು ವರ್ಷಗಳ ಮೇಲೆ, 1998ರ ಸೆಪ್ಟೆಂಬರಿನಲ್ಲಿ, ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಹಾವೆಲನಿಗಾಗಿ ಶ್ವೇತಭವನದಲ್ಲಿ ಔತಣವಿಟ್ಟಾಗ, ಅತಿಥಿಯ ಇಚ್ಛೆಯಂತೆ ಲೂ ರೀಡ್ ಹಾಡಿದ. ಹ್ಲಾವ್ಸಾ ಅವನ ಜೊತೆಗೂಡಿ ನುಡಿಸಿದ. ಎರಡು ವರ್ಷ ಕಳೆದು 2001ರ ಜನವರಿಯಲ್ಲಿ, ಐವತ್ತು ತುಂಬಲು ಎರಡು ತಿಂಗಳು ಇರುವಾಗ, ಹ್ಲಾವ್ಸಾ ಪ್ರಾಗಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ.